ಶಾಲೆಯಲ್ಲಿ ಮೊಬೈಲ್‌ನಿಂದ ಹಲ್ಲಿನ ಫೋಟೋ: ‘ಏನೂ ಕಾಣಲಿಲ್ಲ’ ಅಂದರೆ ‘ತೊಂದರೆ ಇಲ್ಲ’ ಅಂತಲ್ಲ

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಕಳೆದ ವರ್ಷ ಅವಳ ಶಾಲೆಯಲ್ಲಿ ಎಲ್ಲ ಮಕ್ಕಳ ಹಲ್ಲಿನ ಫೋಟೋ ತೆಗೆದು ದೂರದಲ್ಲಿರುವ ದಂತವೈದ್ಯರಿಗೆ ಕಳಿಸಿದ್ದರು. ‘ತೊಂದರೆ ಇಲ್ಲ’ ಅಂತ ಚೀಟಿ ಬಂತು. ನಾವು ನೆಮ್ಮದಿಯಾಗಿದ್ದೆವು. ನಾಲ್ಕು ತಿಂಗಳಾದ ಮೇಲೆ ಒಂದು ರಾತ್ರಿ ಹಲ್ಲುನೋವು ಅಂತ ಎದ್ದು ಅಳೋಕೆ ಶುರು ಮಾಡಿದಳು. ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆದು, ಎರಡು ದವಡೆ ಹಲ್ಲುಗಳ ಮಧ್ಯೆ ಹುಳುಕಾಗಿದೆ, ಒಂದರಲ್ಲಿ ನರದವರೆಗೂ ಹೋಗಿದೆ ಅಂದರು. ಚಿಕಿತ್ಸೆ ಆಯಿತು, ಈಗ ಆರಾಮಾಗಿದ್ದಾಳೆ. ಈ ವರ್ಷ ಶಾಲೆಯಲ್ಲಿ ಮತ್ತೆ ಅದೇ ತಪಾಸಣೆ ಮಾಡ್ತಾರಂತೆ. ನಾನೀಗ ಪೋಷಕರ ಸಮಿತಿಯಲ್ಲಿದ್ದೇನೆ, ಒಪ್ಪಬೇಕಾ ಬೇಡವಾ ಅಂತ ನಾವೇ ಹೇಳಬೇಕು. ಕೆಲವರು ‘ಹಾಲು ಹಲ್ಲು ತಾನೇ, ಹೇಗೂ ಬಿದ್ದು ಹೋಗುತ್ತೆ’ ಅಂತಾರೆ. ಇನ್ನು ಕೆಲವರಿಗೆ ಮಕ್ಕಳ ಫೋಟೋ ಎಲ್ಲಿಗೆ ಹೋಗುತ್ತೋ ಅನ್ನೋ ಭಯ. ಮೊಬೈಲ್ ಫೋಟೋ ನೋಡಿ ಹುಳುಕು ಹೇಳೋಕೆ ನಿಜವಾಗಿಯೂ ಆಗುತ್ತಾ?

ಉತ್ತರ: ಮೊದಲು ಒಂದು ಮಾತು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ‘ತೊಂದರೆ ಇಲ್ಲ’ ಅಂತ ಡಾಕ್ಟರ ಕಡೆಯಿಂದ ಚೀಟಿ ಬಂದರೆ ಯಾವ ತಾಯಿಯಾದರೂ ನಂಬುತ್ತಾರೆ. ಫೋಟೋ ನೋಡಿದವರೂ ಬಹುಶಃ ಕಣ್ತಪ್ಪಿ ಬಿಟ್ಟಿದ್ದಲ್ಲ. ಅವರ ಮುಂದೆ ಬಂದ ಚಿತ್ರದಲ್ಲಿ ಆ ಹುಳುಕು ಕಾಣುತ್ತಲೇ ಇರಲಿಲ್ಲ. ಎರಡು ದವಡೆ ಹಲ್ಲು ಒಂದಕ್ಕೊಂದು ಒತ್ತಿಕೊಂಡು ನಿಂತ ಜಾಗದಲ್ಲಿ ಶುರುವಾಗುವ ಹುಳುಕನ್ನು ಮೊಬೈಲ್ ಕ್ಯಾಮೆರಾ ಹಿಡಿಯುವುದಿಲ್ಲ. ಮಗುವನ್ನು ಕುರ್ಚಿಯಲ್ಲಿ ಮಲಗಿಸಿ, ಲೈಟ್ ಹಾಕಿ, ಕನ್ನಡಿ ಹಿಡಿದು ನೋಡಿದರೂ ಎಷ್ಟೋ ಸಲ ನನಗೇ ಕಾಣುವುದಿಲ್ಲ, ಎಕ್ಸ್‌ರೇ ಬೇಕಾಗುತ್ತದೆ. ಆ ಚೀಟಿಯಲ್ಲಿ ಬರೆಯಬೇಕಿದ್ದದ್ದು ‘ಫೋಟೋದಲ್ಲಿ ಏನೂ ಕಾಣಲಿಲ್ಲ’ ಅಂತ. ‘ತೊಂದರೆ ಇಲ್ಲ’ ಅಂತ ಅಲ್ಲ. ಎರಡೂ ಒಂದೇ ಅಂದುಕೊಂಡಿದ್ದರಿಂದ ನಿಮ್ಮ ಮಗಳ ನಾಲ್ಕು ತಿಂಗಳು ಹೋದವು.

ಹಾಗಾದರೆ ಈ ಸಲ ಬೇಡ ಅಂದುಬಿಡಬೇಕಾ? ಬೇಡ ಅನ್ನಬೇಡಿ. ಆದರೆ ಒಂದು ಷರತ್ತು ಹಾಕಿ. ಹುಳುಕು ಸಿಕ್ಕ ಮಕ್ಕಳಿಗೆ ಚಿಕಿತ್ಸೆ ಎಲ್ಲಿ, ಯಾರು, ಎಷ್ಟು ದಿನದೊಳಗೆ ಕೊಡುತ್ತಾರೆ ಅನ್ನೋದು ಮೊದಲು ತೀರ್ಮಾನ ಆಗಲಿ, ಆಮೇಲೆ ಕ್ಯಾಮೆರಾ ಶಾಲೆಯೊಳಗೆ ಬರಲಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದೂರದಿಂದ ಹಲ್ಲು ನೋಡುವುದು ಹೊಸದೇನಲ್ಲ. ಅಮೆರಿಕದ ಸೇನೆ 1994ರಲ್ಲೇ ಸೈನಿಕರ ಬಾಯಿಯ ಚಿತ್ರಗಳನ್ನು ದೂರದ ತಜ್ಞರಿಗೆ ಕಳಿಸಿ ಸಲಹೆ ಪಡೆಯುವ ಪ್ರಯೋಗ ಮಾಡಿತ್ತು. ಟೆಲಿಡೆಂಟಿಸ್ಟ್ರಿ ಅನ್ನೋದು ಇದಕ್ಕೇ. ಎರಡು ಬಗೆ ಇದೆ. ಒಂದು, ವಿಡಿಯೋ ಕಾಲ್‌ನಲ್ಲಿ ಆಗಿಂದಾಗಲೇ ನೋಡುವುದು. ಇನ್ನೊಂದು, ಫೋಟೋ ತೆಗೆದು ಇಟ್ಟುಕೊಂಡು ಆಮೇಲೆ ಕಳಿಸುವುದು, ವೈದ್ಯರು ತಮಗೆ ಬಿಡುವಾದಾಗ ನೋಡುವುದು. ಶಾಲೆಗಳಿಗೆ ಹೊಂದುವುದು ಎರಡನೆಯದು. ಒಳ್ಳೆ ಇಂಟರ್ನೆಟ್ ಬೇಕು ಅಂತಿಲ್ಲ, ತರಬೇತಿ ಪಡೆದ ಒಬ್ಬ ನರ್ಸೋ ಆರೋಗ್ಯ ಕಾರ್ಯಕರ್ತೆಯೋ ಫೋಟೋ ತೆಗೆಯಬಹುದು, ಹಲ್ಲಿನ ಡಾಕ್ಟರೇ ಇಲ್ಲದ ಕಡೆಯ ಮಕ್ಕಳನ್ನೂ ಒಬ್ಬರು ನೋಡಿದಂತಾಗುತ್ತದೆ. ಈ ಲಾಭ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 51 ಕೋಟಿ ಮಕ್ಕಳ ಹಾಲು ಹಲ್ಲುಗಳಲ್ಲಿ ಹುಳುಕಿದೆ. ಅಷ್ಟು ಮಕ್ಕಳನ್ನು ಕುರ್ಚಿಯಲ್ಲಿ ಕೂರಿಸಿ ನೋಡುವಷ್ಟು ದಂತವೈದ್ಯರು ಎಲ್ಲಿದ್ದಾರೆ ಹೇಳಿ.

ಫೋಟೋದಲ್ಲಿ ಏನು ಕಾಣುತ್ತದೆ? ಗುಳಿ ಬಿದ್ದ ಹುಳುಕು ಚೆನ್ನಾಗಿ ಕಾಣುತ್ತದೆ. ಕಪ್ಪು ತಿರುಗಿ ಮುರಿದ ಹಲ್ಲು, ವಸಡಿನ ಮೇಲೆ ಕೀವು ತುಂಬಿದ ಗುಳ್ಳೆ, ಮುಂದಿನ ಹಲ್ಲುಗಳ ಬುಡದ ಹುಳುಕು, ಇವೆಲ್ಲ ಕಾಣುತ್ತವೆ. ಏನು ಕಾಣುವುದಿಲ್ಲ? ಹಲ್ಲುಗಳ ಮಧ್ಯದ ಹುಳುಕು ಕಾಣುವುದಿಲ್ಲ. ಆಗಷ್ಟೇ ಶುರುವಾದ ಹುಳುಕೂ ಹೆಚ್ಚಾಗಿ ಕಾಣುವುದಿಲ್ಲ. ಅದು ಮೊದಲು ಸುಣ್ಣದ ಕಲೆಯ ಹಾಗೆ ಮಂಕು ಬಿಳುಪಾಗಿರುತ್ತದೆ, ಹಲ್ಲು ಒದ್ದೆಯಿದ್ದರೆ ಗೊತ್ತೇ ಆಗುವುದಿಲ್ಲ, ಗಾಳಿ ಊದಿ ಒಣಗಿಸಿದ ಮೇಲೆ ಎದ್ದು ಕಾಣುತ್ತದೆ. ಅದೇ ಹಂತದಲ್ಲಿ ಹಿಡಿದರೆ ಡ್ರಿಲ್ ಇಲ್ಲದೆ ವಾಪಸ್ ತರಬಹುದು ಅನ್ನೋದೇ ಬೇಸರದ ವಿಷಯ.

ಒಂದು ಫೋಟೋ ನನ್ನ ಕಣ್ಣಲ್ಲೇ ಇದೆ. ಆರು ವರ್ಷದ ಹುಡುಗ, ಕೆಳಗಿನ ದವಡೆ. ಬಾಯಿಯೊಳಗೆ ಇಟ್ಟ ಕನ್ನಡಿ ಅರ್ಧ ಉಸಿರಿಗೆ ಮಂಜಾಗಿದೆ. ನಾಲಿಗೆ ಪಕ್ಕ ಜೊಲ್ಲು ನಿಂತು ಫ್ಲ್ಯಾಶ್ ಬೆಳಕಿಗೆ ಹೊಳೆಯುತ್ತಿದೆ. ಒಂದು ಹಲ್ಲಿನ ಗೀರಿನಲ್ಲಿ ಕಂದು ಬಣ್ಣ. ಹುಳುಕು ಅಂತ ಬರೆಯೋಕೆ ಕೈ ಹೋಯಿತು, ಆದರೆ ಮನಸ್ಸು ಒಪ್ಪಲಿಲ್ಲ. ‘ಬಾಯಿ ಮುಕ್ಕಳಿಸಿ, ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ ತೆಗೆಯಿರಿ’ ಅಂತ ಬರೆದೆ. ಮಾರನೇ ದಿನ ಬಂದ ಫೋಟೋದಲ್ಲಿ ಕಂದು ಬಣ್ಣ ಮಾಯ, ಅದು ತಿಂಡಿಯ ಚೂರು. ಆದರೆ ಹಿಂದಿನ ದಿನ ಮಂಜಿನ ಕೆಳಗೆ ಮುಚ್ಚಿಹೋಗಿದ್ದ ಹಿಂದಿನ ಹಲ್ಲಿನಲ್ಲಿ ಸಾಸಿವೆ ಕಾಳು ಕೂರುವಷ್ಟು ಗುಳಿ. ಮೊದಲ ಫೋಟೋದ ಮೇಲೇ ತೀರ್ಪು ಕೊಟ್ಟಿದ್ದರೆ ಒಳ್ಳೆ ಹಲ್ಲನ್ನು ಕೆಟ್ಟಿದೆ ಅಂತಿದ್ದೆ, ಕೆಟ್ಟ ಹಲ್ಲನ್ನು ಒಳ್ಳೆಯದು ಅಂತಿದ್ದೆ.

ಅದಕ್ಕೇ ಫೋಟೋ ಹೇಗೆ ತೆಗೆಯುತ್ತಾರೆ ಅನ್ನೋದರ ಮೇಲೆ ಅರ್ಧ ಕೆಲಸ ನಿಂತಿದೆ. ಒಂದು ಮಗುವಿಗೆ ಸಾಮಾನ್ಯವಾಗಿ ಐದು ಫೋಟೋ ಬೇಕು: ಎದುರಿನಿಂದ, ಎಡಗಡೆ, ಬಲಗಡೆ, ಮೇಲಿನ ದವಡೆ, ಕೆಳಗಿನ ದವಡೆ. ಕೆನ್ನೆ ಹಿಗ್ಗಿಸಿ ಹಿಡಿಯುವ ಪ್ಲಾಸ್ಟಿಕ್ ಸಾಧನ ಬೇಕು. ಕನ್ನಡಿಯನ್ನು ಬಿಸಿನೀರಲ್ಲಿ ಅದ್ದಿ ತೆಗೆದರೆ ಮಂಜು ಹಿಡಿಯುವುದಿಲ್ಲ. ಮೊಬೈಲನ್ನು ತುಂಬಾ ಹತ್ತಿರ ಹಿಡಿದರೆ ಫೋಕಸ್ ತಪ್ಪುತ್ತದೆ, ಸ್ವಲ್ಪ ಹಿಂದೆ ಸರಿದು ಜೂಮ್ ಮಾಡುವುದೇ ವಾಸಿ. ಊಟ ತಿಂಡಿ ಆದ ತಕ್ಷಣ ಬೇಡ. ಪ್ರತಿ ಮಗುವಿಗೂ ಹೊಸ ಗ್ಲೌಸ್, ಕ್ರಿಮಿ ಸಾಯುವ ಹಾಗೆ ಶುದ್ಧ ಮಾಡಿದ ಬೇರೆ ಕನ್ನಡಿ. ಇದರಲ್ಲಿ ರಾಜಿ ಬೇಡವೇ ಬೇಡ. ಇನ್ನೊಂದು ವಿಷಯ, ಮಸುಕಾದ ಫೋಟೋಗಳನ್ನು ‘ತೊಂದರೆ ಇಲ್ಲ’ ಅನ್ನುವ ಪಟ್ಟಿಗೆ ಸೇರಿಸಬಾರದು. ‘ಫೋಟೋ ಸರಿ ಬಂದಿಲ್ಲ’ ಅಂತ ಬೇರೆಯದೇ ಪಟ್ಟಿ ಇರಬೇಕು. ಬಾಯಿ ತೆರೆಯೋಕೆ ಹೆದರುವ ಪುಟ್ಟ ಮಕ್ಕಳ ಫೋಟೋಗಳೇ ಜಾಸ್ತಿ ಕೆಡುತ್ತವೆ, ಅಲ್ವಾ? ಅವರನ್ನೇ ಕೈಬಿಟ್ಟ ಹಾಗಾಗುತ್ತದೆ.

ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಇದು ಸುಮ್ನೆ ಉದಾಹರಣೆಗೆ. ನೂರು ಮಕ್ಕಳಿದ್ದಾರೆ, 40 ಮಕ್ಕಳಿಗೆ ಹುಳುಕಿದೆ ಅಂತಿಟ್ಟುಕೊಳ್ಳಿ. ಹುಳುಕಿರುವ ಹತ್ತು ಮಕ್ಕಳಲ್ಲಿ ಎಂಟು ಮಕ್ಕಳನ್ನು ಫೋಟೋ ಹಿಡಿಯುತ್ತದೆ ಅನ್ನಿ. ಆಗ 32 ಮಕ್ಕಳು ಸಿಕ್ಕರು, 8 ಮಕ್ಕಳು ತಪ್ಪಿದರು. ಹುಳುಕಿಲ್ಲದ 60 ಮಕ್ಕಳಲ್ಲಿ ಆರು ಮಕ್ಕಳಿಗೆ ಕಲೆ ನೋಡಿ ಹುಳುಕು ಅಂದುಬಿಟ್ಟರು. ಈ ಆರು ಮಂದಿಗೆ ಒಂದು ಸಲ ಕ್ಲಿನಿಕ್‌ಗೆ ಹೋಗಿ ಬರುವ ಖರ್ಚು, ಅಷ್ಟೇ. ಆದರೆ ತಪ್ಪಿದ ಎಂಟು ಮಕ್ಕಳ ಅಪ್ಪ ಅಮ್ಮ ಚೀಟಿ ನಂಬಿ ಸುಮ್ಮನಿರುತ್ತಾರೆ. ನಿಮ್ಮ ಮಗಳು ಆ ಎಂಟರಲ್ಲಿ ಒಬ್ಬಳು. ಹಾಗಂತ ಸಿಕ್ಕ 32 ಮಕ್ಕಳನ್ನು ಮರೆಯೋಕಾಗುತ್ತಾ? ಅದೂ ಆಗುವುದಿಲ್ಲ.

ಇನ್ನು ಸಮಿತಿಯಲ್ಲಿ ಬಂದ ಮಾತು. ‘ಹಾಲು ಹಲ್ಲು ತಾನೇ’ ಅನ್ನೋದನ್ನು ನಾನು ವಾರಕ್ಕೆ ಎಷ್ಟು ಸಲ ಕೇಳುತ್ತೇನೋ. ಮುಂದಿನ ಹಾಲು ಹಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ. ದವಡೆಯ ಹಾಲು ಹಲ್ಲು ಹತ್ತು, ಹನ್ನೆರಡು ವರ್ಷದವರೆಗೂ ಇರಬೇಕು. ಏಳು ವರ್ಷದ ಮಗು ಇನ್ನೂ ನಾಲ್ಕೈದು ವರ್ಷ ಅದರಲ್ಲೇ ಅಗಿದು ತಿನ್ನಬೇಕು. ಹಾಲು ಹಲ್ಲಿನ ಹೊರಕವಚ ತೆಳು, ಒಳಗಿನ ನರದ ಕೋಣೆ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು, ಹಾಗಾಗಿ ಹುಳುಕು ಬೇಗ ನರ ಮುಟ್ಟುತ್ತದೆ. ಕೀವಾದರೆ ಕೆಳಗೆ ಬೆಳೆಯುತ್ತಿರುವ ಕಾಯಂ ಹಲ್ಲಿಗೂ ಕಲೆ, ಗುಳಿ ಬೀಳಬಹುದು. ಬೇಗ ಕೀಳಿಸಿದರೆ ಅಕ್ಕಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಬರಬೇಕಾದ ಹಲ್ಲಿಗೆ ಜಾಗವೇ ಇಲ್ಲದಂತಾಗುತ್ತದೆ.

ಅದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿದೆ. ಆರು ವರ್ಷದ ಆಸುಪಾಸಿನಲ್ಲಿ ಕೊನೆಯ ಹಾಲು ಹಲ್ಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾದರೂ ಅದೂ ಹಾಲು ಹಲ್ಲೇ ಅಂದುಕೊಳ್ಳುತ್ತಾರೆ. ಅಲ್ಲ, ಅದು ಕಾಯಂ ಹಲ್ಲು, ಹೋದರೆ ಇನ್ನೊಂದಿಲ್ಲ. ಪೂರ್ತಿ ಮೇಲೆ ಬರುವವರೆಗೆ ತಿಂಗಳುಗಟ್ಟಲೆ ಮುಂದಿನ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ, ಬ್ರಷ್ ಅದರ ಮೇಲೆ ಮುಟ್ಟದೆ ಹಾಗೇ ಹೋಗುತ್ತದೆ, ಅರ್ಧ ವಸಡು ಇನ್ನೂ ಹೊದ್ದುಕೊಂಡಿರುತ್ತದೆ, ಅದರಡಿ ತಿಂದಿದ್ದೆಲ್ಲ ಕೂರುತ್ತದೆ. ಶಾಲೆಯ ಫೋಟೋಗಳಲ್ಲಿ ನಾನು ಮೊದಲು ಹುಡುಕುವುದು ಇದೇ ಹಲ್ಲನ್ನು. ಇವತ್ತು ರಾತ್ರಿ ಮಗಳ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿ, ಮೇಲೆ ಎರಡು, ಕೆಳಗೆ ಎರಡು, ತೀರಾ ಹಿಂದೆ.

ಹುಳದ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ‘ಹುಳುಕು’ ಅನ್ನೋ ಪದದಲ್ಲೇ ಹುಳ ಇದೆ, ಆದರೆ ಹಲ್ಲಿನಲ್ಲಿ ಯಾವ ಹುಳವೂ ಇಲ್ಲ. ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಶಾರ್ 1728ರಲ್ಲೇ ಹುಳದ ಕಥೆಯನ್ನು ತಳ್ಳಿಹಾಕಿದ್ದರು. ನಡೆಯುವುದು ಇಷ್ಟು: ಹಲ್ಲಿಗೆ ಅಂಟಿದ ಪದರದಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಆ ಪದರದ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಖನಿಜ ಕರಗೋಕೆ ಶುರುವಾಗುತ್ತದೆ. ಜೊಲ್ಲು ಅದನ್ನು ನಿಧಾನವಾಗಿ ಸರಿಪಡಿಸುತ್ತದೆ, ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಗಂಟೆಗೊಂದು ಸಲ ಸಿಹಿ ಬಾಯಿಗೆ ಬೀಳುತ್ತಿದ್ದರೆ ಜೊಲ್ಲಿಗೆ ಪುರುಸೊತ್ತೇ ಸಿಗುವುದಿಲ್ಲ. ಎಷ್ಟು ಸಿಹಿ ತಿಂದರು ಅನ್ನೋದರ ಜೊತೆಗೆ ದಿನಕ್ಕೆ ಎಷ್ಟು ಸಲ ತಿಂದರು ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಹಾಗೇ, ಕಪ್ಪಾಗಿದ್ದೆಲ್ಲ ಹುಳುಕಲ್ಲ. ಕಬ್ಬಿಣಾಂಶದ ಔಷಧಿ ಕುಡಿದ ಮಕ್ಕಳ ಹಲ್ಲು ಕಪ್ಪಾಗುತ್ತದೆ, ಉಜ್ಜಿ ತೆಗೆಯಬಹುದು. ಬಿಳಿ ಕಲೆಯೆಲ್ಲ ಹುಳುಕಿನ ಶುರುವೂ ಅಲ್ಲ, ಕೆಲವು ಹಲ್ಲು ಹುಟ್ಟುವಾಗಲೇ ಹಾಗೆ ಬರುತ್ತವೆ. ಫೋಟೋ ನೋಡಿ ಇವನ್ನು ಬೇರ್ಪಡಿಸುವುದು ಕಷ್ಟ. ಅದಕ್ಕೇ ‘ಹುಳುಕಿರಬಹುದು’ ಅಂತ ಚೀಟಿ ಬಂದರೂ ಗಾಬರಿಯಾಗಬೇಡಿ. ಅದು ರೋಗ ನಿರ್ಣಯ ಅಲ್ಲ, ಹೋಗಿ ತೋರಿಸಿ ಅನ್ನೋ ಸೂಚನೆ.

ಈಗ ಷರತ್ತಿನ ವಿಷಯ. ಫೋಟೋ ತೆಗೆಯುವುದರಿಂದ ಯಾವ ಹಲ್ಲೂ ವಾಸಿಯಾಗುವುದಿಲ್ಲ. ಇಂಗ್ಲೆಂಡಿನ ವಾಯವ್ಯ ಭಾಗದ ಶಾಲೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅಲ್ಲಿ ದಂತವೈದ್ಯರೇ ಶಾಲೆಗೆ ಬಂದು ಮಕ್ಕಳ ಹಲ್ಲು ನೋಡಿ ಮನೆಗೆ ಚೀಟಿ ಕಳಿಸಿದ್ದರು. ಆದರೂ ತಪಾಸಣೆ ಆದ ಶಾಲೆಗಳಲ್ಲಿ ಹುಳುಕು ಕಡಿಮೆಯಾಗಲಿಲ್ಲ, ಡಾಕ್ಟರ ಹತ್ತಿರ ಹೋದ ಮಕ್ಕಳ ಸಂಖ್ಯೆಯೂ ಏರಲಿಲ್ಲ. ನನ್ನ ಅನುಭವವೂ ಅದೇ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಫೋಟೋಗಳನ್ನು ನಾನೇ ಕೂತು ನೋಡಿ, ಹುಳುಕಿದ್ದ ಮಕ್ಕಳ ಪಟ್ಟಿ ಮಾಡಿಕೊಟ್ಟಿದ್ದೆ. ಮುಂದಿನ ವರ್ಷ ಅದೇ ಮಕ್ಕಳ ಫೋಟೋ ಬಂದಾಗ ಅವೇ ಗುಳಿಗಳು, ಹೋದ ವರ್ಷಕ್ಕಿಂತ ದೊಡ್ಡವಾಗಿ. ಚೀಟಿ ಸ್ಕೂಲ್ ಬ್ಯಾಗಿನ ತಳದಲ್ಲೇ ಉಳಿದಿತ್ತು, ಇಲ್ಲ ಅಪ್ಪನಿಗೆ ರಜೆ ಸಿಕ್ಕಿರಲಿಲ್ಲ, ಇಲ್ಲ ದುಡ್ಡಿರಲಿಲ್ಲ. ಅವತ್ತಿನಿಂದ ‘ಮುಂದೇನು’ ಅಂತ ಹೇಳದ ಶಿಬಿರದ ಫೋಟೋ ನೋಡೋಕೆ ನಾನು ಒಪ್ಪುವುದಿಲ್ಲ.

ನಿಮ್ಮ ಸಮಿತಿಯ ಮುಂದೆ ಇರುವ ದಾರಿಗಳನ್ನು ಹೇಳುತ್ತೇನೆ. ಬರೀ ಫೋಟೋ, ಚೀಟಿ ಅನ್ನೋದು ಅಗ್ಗದ ದಾರಿ, ಮೇಲೆ ಹೇಳಿದ ಹಾಗೆ ಅದರಿಂದ ಫಲ ಕಡಿಮೆ, ಸುಳ್ಳು ನೆಮ್ಮದಿಯ ಅಪಾಯ ಜಾಸ್ತಿ. ದಂತವೈದ್ಯರನ್ನೇ ಶಾಲೆಗೆ ಕರೆಸುವುದು ಸಾಧ್ಯವಿದ್ದರೆ ಒಳ್ಳೆಯದು, ಹಲ್ಲು ಒಣಗಿಸಿ ನೋಡಬಹುದು, ಆದರೆ ಮಧ್ಯದ ಹುಳುಕು ಅವರಿಗೂ ತಪ್ಪಬಹುದು. ನನಗೆ ಸರಿ ಅನ್ನಿಸುವುದು ಮೂರನೆಯದು. ಫೋಟೋ ತೆಗೆಯುವ ದಿನವೇ, ಹುಳುಕಿರಲಿ ಬಿಡಲಿ, ಒಪ್ಪಿಗೆ ಕೊಟ್ಟ ಮನೆಯ ಎಲ್ಲ ಮಕ್ಕಳಿಗೂ ಫ್ಲೋರೈಡ್ ವಾರ್ನಿಶ್, ಅಂದರೆ ಹುಳುಕು ತಡೆಯುವ ಅಂಟು ಲೇಪ, ಹಚ್ಚುವುದು. ಬ್ರಷ್‌ನಿಂದ ಹಚ್ಚೋಕೆ ಒಂದೆರಡು ನಿಮಿಷ ಸಾಕು, ವರ್ಷಕ್ಕೆ ಎರಡು ಸಲವಾದರೂ ಆಗಬೇಕು. ಹಲ್ಲು ಒಂದು ದಿನ ಹಳದಿಯಾಗಿ ಕಾಣಬಹುದು, ಕೆಲವು ಗಂಟೆ ಗಟ್ಟಿ ತಿಂಡಿ ಬೇಡ. ವಾರ್ನಿಶ್‌ನಲ್ಲಿ ಮರದ ರಾಳ ಇರುತ್ತದೆ, ಅದು ಒಗ್ಗದ ಮಕ್ಕಳಿಗೆ ಹಚ್ಚಬಾರದು, ಹಾಗಾಗಿ ಮೊದಲೇ ಅಲರ್ಜಿ ಕೇಳಿಕೊಳ್ಳಬೇಕು. ಹೀಗೆ ಮಾಡಿದರೆ ಫೋಟೋದಲ್ಲಿ ತಪ್ಪಿದ ಮಗುವಿಗೂ ಏನೋ ಒಂದಿಷ್ಟು ರಕ್ಷಣೆ ಸಿಕ್ಕಿತು. ನಿಮ್ಮ ಮಗಳಿಗೆ ಅವತ್ತು ಅದೂ ಸಿಗಲಿಲ್ಲ.

ಹುಳುಕು ಸಿಕ್ಕ ಮಕ್ಕಳಿಗೆಲ್ಲ ಇಂಜೆಕ್ಷನ್, ಡ್ರಿಲ್ ಬೇಕು ಅಂತಲೂ ಇಲ್ಲ. ನರ ಮುಟ್ಟದ ಹುಳುಕಿಗೆ ಬೆಳ್ಳಿ ಇರುವ ಫ್ಲೋರೈಡ್ ದ್ರವ, ಅಂದರೆ ಸಿಲ್ವರ್ ಡೈಅಮೀನ್ ಫ್ಲೋರೈಡ್, ಹಚ್ಚಿ ಅಲ್ಲಿಗೇ ನಿಲ್ಲಿಸಬಹುದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಹಚ್ಚಿದ ಹುಳುಕಿನ ಜಾಗ ಕಡುಕಪ್ಪಾಗುತ್ತದೆ, ಆ ಕಪ್ಪು ಹೋಗುವುದಿಲ್ಲ. ಇದನ್ನು ಹಚ್ಚುವ ಮುಂಚೆಯೇ ಪೋಷಕರಿಗೆ ಫೋಟೋ ತೋರಿಸಿ ಹೇಳಬೇಕು, ಆಮೇಲೆ ಹೇಳಿದರೆ ಜಗಳವೇ. ಒಂದು ಸಲಕ್ಕೆ ಮುಗಿಯುವುದೂ ಇಲ್ಲ, ಮತ್ತೆ ಮತ್ತೆ ಹಚ್ಚಬೇಕು. ಹಾಲು ದವಡೆ ಹಲ್ಲಿನ ಮಧ್ಯದ ಹುಳುಕಿಗೆ ಡ್ರಿಲ್ ಮಾಡದೆ, ಮೇಲೆ ಸ್ಟೀಲ್ ಕ್ಯಾಪ್ ಕೂರಿಸುವ ವಿಧಾನವೂ ಇದೆ, ಸ್ಕಾಟ್ಲೆಂಡಿನಿಂದ ಬಂದದ್ದು. ಮೊದಮೊದಲು ಕಚ್ಚುವಾಗ ಎತ್ತರ ಅನ್ನಿಸುತ್ತದೆ, ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆರು ವರ್ಷದ ಆ ಹೊಸ ದವಡೆ ಹಲ್ಲಿಗೆ ಸೀಲೆಂಟ್ ಹಾಕಿ ಗೀರು ಮುಚ್ಚಬಹುದು, ಆದರೆ ಅದು ಉದುರಿದೆಯಾ ಅಂತ ಆಗಾಗ ನೋಡುತ್ತಿರಬೇಕು.

ಫೋಟೋ ಎಲ್ಲಿಗೆ ಹೋಗುತ್ತದೆ ಅನ್ನೋ ಭಯ ಸರಿಯಾದದ್ದೇ. ಹಲ್ಲು ನೋಡೋಕೆ ಮುಖ ಬೇಕಿಲ್ಲ. ತುಟಿಯಿಂದ ಒಳಗೆ ಮಾತ್ರ ಫೋಟೋ, ಹೆಸರಿನ ಬದಲು ನಂಬರ್, ಹೆಸರು ನಂಬರಿನ ಪಟ್ಟಿ ಶಾಲೆಯಲ್ಲೇ. ಯಾರದೋ ಸ್ವಂತ ಮೊಬೈಲಿನಲ್ಲಿ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದಾದರೆ ಒಪ್ಪಲೇಬೇಡಿ. ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾವಾಗ ಅಳಿಸುತ್ತಾರೆ, ಹುಳುಕು ಗುರುತಿಸುವ ಸಾಫ್ಟ್‌ವೇರ್ ತಯಾರಿಸೋಕೆ ಬಳಸುತ್ತಾರಾ, ಇದೆಲ್ಲ ಒಪ್ಪಿಗೆ ಪತ್ರದಲ್ಲೇ ಬರೆದಿರಲಿ. ಅಂಥ ಸಾಫ್ಟ್‌ವೇರ್ ಈಗ ಬಂದಿವೆ, ಸಹಾಯಕ್ಕೆ ಒಳ್ಳೆಯದೇ, ಆದರೆ ಫೋಟೋದಲ್ಲಿ ಇಲ್ಲದ್ದು ಅವಕ್ಕೂ ಕಾಣುವುದಿಲ್ಲ. ಇನ್ನು ರೇಡಿಯೇಷನ್ ಅಂತ ಯಾರಾದರೂ ಕೇಳಿದರೆ, ಮೊಬೈಲ್ ಫೋಟೋದಲ್ಲಿ ಎಕ್ಸ್‌ರೇ ಇರುವುದಿಲ್ಲ ಅಂತ ಹೇಳಿ.

ಕೆಲವು ಸಲ ಫೋಟೋಗಾಗಿ ಕಾಯಲೇಬಾರದು. ಕೆನ್ನೆ ಅಥವಾ ದವಡೆ ಊದಿದ್ದರೆ, ಜೊತೆಗೆ ಜ್ವರ ಇದ್ದರೆ, ಬಾಯಿ ತೆರೆಯೋಕೆ, ನುಂಗೋಕೆ ಕಷ್ಟವಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ರಾತ್ರಿ ನಿದ್ದೆ ಕೆಡಿಸುವ ನೋವು, ವಸಡಿನ ಮೇಲೆ ಗುಳ್ಳೆ ಇದ್ದರೂ ಶಾಲೆಯ ತಪಾಸಣೆ ಯಾವಾಗ ಅಂತ ನೋಡುತ್ತಾ ಕೂರಬೇಡಿ. ನೋವು ತಾನಾಗೇ ನಿಂತರೆ ವಾಸಿಯಾಯಿತು ಅಂತಲ್ಲ. ನರ ಸತ್ತಾಗಲೂ ನೋವು ನಿಲ್ಲುತ್ತದೆ.

ಕೊನೆಗೆ ನಿಮ್ಮ ಮಗಳಿಗೆ. ಒಂದು ಕಡೆ ದವಡೆ ಹಲ್ಲುಗಳ ಮಧ್ಯೆ ಹುಳುಕಾದ ಮಕ್ಕಳಿಗೆ ಇನ್ನೊಂದು ಕಡೆಯೂ ಆಗಿರುವುದನ್ನು ನಾನು ತುಂಬಾ ಸಲ ನೋಡಿದ್ದೇನೆ. ಚಿಕಿತ್ಸೆ ಕೊಟ್ಟ ಕ್ಲಿನಿಕ್‌ಗೆ ಫೋನ್ ಮಾಡಿ, ಎರಡೂ ಕಡೆ ಬೈಟ್‌ವಿಂಗ್ ಎಕ್ಸ್‌ರೇ (ದವಡೆ ಹಲ್ಲುಗಳ ಮಧ್ಯದ ಜಾಗ ತೋರಿಸುವ ಎಕ್ಸ್‌ರೇ) ತೆಗೆದಿದ್ದಾರಾ ಅಂತ ಕೇಳಿ, ಇಲ್ಲದಿದ್ದರೆ ತೆಗೆಸಿ. ರಾತ್ರಿ ಮಲಗುವ ಮುಂಚೆ ನೀವೇ ಅವಳ ಹಲ್ಲು ಉಜ್ಜಿ, ಇನ್ನೂ ಒಂದೆರಡು ವರ್ಷ ಅವಳ ಕೈಗೆ ಅದು ಪೂರ್ತಿ ಸಾಗುವುದಿಲ್ಲ. ಕನಿಷ್ಠ 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್, ಬಟಾಣಿ ಕಾಳಿನಷ್ಟು ಸಾಕು. ಉಗಿಯಲಿ, ಆದರೆ ಆಮೇಲೆ ನೀರು ಹಾಕಿ ಮುಕ್ಕಳಿಸುವುದು ಬೇಡ. ಅಂಟಿಕೊಂಡಿರುವ ಹಲ್ಲುಗಳ ಮಧ್ಯೆ ಹಲ್ಲಿನ ದಾರ (ಫ್ಲಾಸ್) ಆಡಿಸಿ. ಸಮಿತಿಯ ಸಭೆಗೆ ಹೋಗುವಾಗ ಆ ಹಳೇ ಚೀಟಿಯನ್ನೂ ಎಕ್ಸ್‌ರೇಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡಿ, ಹೊಸ ಚೀಟಿಯಲ್ಲಿ ಯಾವ ಮಾತು ಇರಬೇಕು ಅಂತ ಆಮೇಲೆ ಬರೆಯಲು ಕೂರಿ.